ಗಿರಣಿ ಸಾಕ್ಷಿ ಹೇಳಿತು

ನಾನೇ ಹಾಡಿದ ಹಾಡನ್ನು ನಾನು ಕದ್ದಿದ್ದೇನೆ ಎಂದು ಹೇಳುವ ಮೇಲ್ 2023ರ ಬೇಸಿಗೆಯಲ್ಲಿ ಅಣ್ಣನ ಮೊಬೈಲಿಗೆ ಬಂತು. ಇಂಗ್ಲಿಷಿನಲ್ಲಿತ್ತು. ಅಣ್ಣ ಓದಿ, ಮತ್ತೊಮ್ಮೆ ಓದಿ, 'ಇದೇನಂತ ನೋಡವಾ ತಂಗಿ' ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟ. ನಿಮ್ಮ ವಿಡಿಯೊದಲ್ಲಿ ಬೇರೆಯವರಿಗೆ ಸೇರಿದ ಧ್ವನಿಮುದ್ರಣವಿದೆ, ಇನ್ನು ಮುಂದೆ ಅದರ ಆದಾಯ ಹಕ್ಕುದಾರರಿಗೆ ಸಲ್ಲುತ್ತದೆ ಎಂಬುದು ಅದರ ಸಾರ. ಹಕ್ಕುದಾರರು ಎಂಬಲ್ಲಿ ನಾವು ಎಂದೂ ಕೇಳಿರದ, ದೂರದ ಊರಿನ ಒಂದು ಮ್ಯೂಸಿಕ್ ಕಂಪನಿಯ ಹೆಸರಿತ್ತು. ಗಾಯಕಿ ಎಂಬಲ್ಲಿ ಯಾರೋ ಒಬ್ಬ ಹೆಣ್ಣುಮಗಳ ಹೆಸರು. ಲಿಂಕ್ ಒತ್ತಿದರೆ ಕೇಳಿಸಿದ್ದು ನನ್ನ ದನಿ.

ಇದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ನಮ್ಮ ಭಾಗದಲ್ಲಿ ಓಣಿಗೊಬ್ಬರು ಮನೆಯಲ್ಲೇ ಹಾಡು ಕಟ್ಟಿ, ಮನೆಯಲ್ಲೇ ರೆಕಾರ್ಡ್ ಮಾಡಿ ಮೊಬೈಲಿಗೆ ಬಿಡುತ್ತಿದ್ದಾರೆ. ಮಾಳು ನಿಪನಾಳ, ಬಾಳು ಬೆಳಗುಂದಿಯಂಥ ಹಳ್ಳಿಯ ಹುಡುಗರ ಹಾಡುಗಳು ಟ್ರ್ಯಾಕ್ಟರಿನಿಂದ ಹಿಡಿದು ಮದುವೆ ಮೆರವಣಿಗೆಯವರೆಗೆ ಎಲ್ಲ ಕಡೆ ಕೇಳುತ್ತವೆ. ಅವರನ್ನು ನೋಡಿ ನಮ್ಮದೂ ಒಂದಿರಲಿ ಎಂದು ಹೊರಟವರು ಸಾವಿರಾರು ಜನ. ನಮಗಾದದ್ದು ಅವರಿಗೆ ಆಗದಿರಲಿ ಎಂಬುದೇ ಈ ಬರಹದ ಉದ್ದೇಶ.

ನಮ್ಮೂರು ಸಂತೆಕಲ್ಲೂರು. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿ ತಾಲ್ಲೂಕು. ಬಟ್ಟೆಬರೆಗೆ, ಕಾಲೇಜಿಗೆ ಸಿಂಧನೂರು. ಕೋರ್ಟು ಕಚೇರಿಗೆ ಲಿಂಗಸುಗೂರು. ದಿನದ ಬದುಕಿಗೆ ಮಸ್ಕಿ. ಸುತ್ತಲಿನವರ ಬಾಯಲ್ಲಿ ಇದು ಘನಮಠದ ಊರು. 19ನೇ ಶತಮಾನದಲ್ಲಿ ಇಲ್ಲಿದ್ದ ಘನಮಠ ನಾಗಭೂಷಣ ಶಿವಯೋಗಿಗಳು ಬೇಸಾಯದ ಮೇಲೆ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಪುಸ್ತಕ ಬರೆದವರು. ತತ್ವಪದಗಳನ್ನೂ ಕಟ್ಟಿದರು. ಆ ಪದಗಳು ಭಜನೆ ಮೇಳಗಳಲ್ಲಿ ಉಳಿದುಕೊಂಡಿವೆ. ನಮ್ಮ ಕಾಕಾ ಅಂಥದೊಂದು ಮೇಳದಲ್ಲಿ ಪೇಟಿ ಬಾರಿಸುವವರು. ಅಮಾವಾಸ್ಯೆಯ ರಾತ್ರಿ ಭಜನೆಗೆ ಅವರ ಪಕ್ಕ ಕೂತು ತಾಳ ಹಾಕುತ್ತಲೇ ನಾನು ಪದ ಕಲಿತೆ. ಬೇರೆ ಗುರು ನನಗಿಲ್ಲ.

ಕಾಕಾನ ಟ್ರಂಕಿನಲ್ಲಿ ಒಂದು ಕಾಲದ ಕ್ಯಾಸೆಟ್ಟುಗಳಿದ್ದವು. ಗುರುರಾಜ ಹೊಸಕೋಟೆಯವರ ಜಾನಪದ, ಸಿ. ಅಶ್ವತ್ಥರು ಹಾಡಿದ ಶಿಶುನಾಳ ಶರೀಫರ ಪದ. ಅಣ್ಣನ ಮೊಬೈಲಿನಲ್ಲಿ ರಘು ದೀಕ್ಷಿತ್ ಇದ್ದರು. ಶರೀಫರ ಪದವನ್ನು ಗಿಟಾರಿಗೆ ಕೂಡಿಸಿ ಅವರು 2008ರಲ್ಲಿ ಆಲ್ಬಂ ತಂದಿದ್ದರು. ಅದಕ್ಕೂ ಮೊದಲು ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿ ಬರಿಗೈಲಿ ಬಂದವರು ಅವರು. 'ಅವರು ಶರೀಫಜ್ಜನ್ನ ಗಿಟಾರಿಗೆ ತಂದ್ರು, ನಾವು ಘನಮಠದಜ್ಜನ್ನ ತರೂಣು' ಎಂದು ಅಣ್ಣ ಮೊದಲ ಸಲ ಹೇಳಿದಾಗ ಕಾಕಾ ನಕ್ಕಿದ್ದರು. ಆದರೆ ಬೇಡ ಅನ್ನಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿಗೆ ಗುಳೆ ಹೋದ ನಮ್ಮ ಭಾಗದವರೆಲ್ಲ ತಿರುಗಿ ಬಂದರು. ಅಣ್ಣನೂ ಬಂದ. ಹೆಗಲ ಮೇಲೆ ಗಿಟಾರು, ಚೀಲದಲ್ಲಿ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು. ನಾನಾಗ ಡಿಗ್ರಿ, ಬಿ.ಇಡಿ. ಮುಗಿಸಿ ಅತಿಥಿ ಶಿಕ್ಷಕಿಯಾಗಿದ್ದೆ. ಶಾಲೆ ಮುಚ್ಚಿತ್ತು, ಗೌರವಧನ ನಿಂತಿತ್ತು. ನಮ್ಮ ಜೊತೆ ಸೇರಿದ ಇನ್ನೊಬ್ಬ ಸಿಂಧನೂರಿನ ಆರ್‌.ಎಚ್‌. ಕ್ಯಾಂಪಿನ ಹುಡುಗ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಕ್ಯಾಂಪುಗಳು ಅವು. ಅವನು ಹುಟ್ಟಿದ್ದು ಇಲ್ಲೇ, ಕಲಿತದ್ದು ಅಣ್ಣನ ಜೊತೆ ಕನ್ನಡದಲ್ಲೇ. ಅವನ ಅಜ್ಜ ಬಾರಿಸುತ್ತಿದ್ದ ದೋತಾರಾ ಅವನಿಗೆ ಬರುತ್ತಿತ್ತು. ಕಾಕಾನ ಪೇಟಿ, ಅಣ್ಣನ ಗಿಟಾರು, ಅವನ ದೋತಾರಾ, ನನ್ನ ದನಿ. ಇಷ್ಟೇ ನಮ್ಮ ಬ್ಯಾಂಡು.

ಸ್ಟುಡಿಯೊ ಅಂದರೆ ನಮ್ಮ ಒಳಮನೆ. ಹಳೆಯ ಕಾಲದ ಮಣ್ಣಿನ ಮಾಳಿಗೆ, ದಪ್ಪ ಕಲ್ಲಿನ ಗೋಡೆ, ಮೇಲೊಂದು ಬೆಳಕಿಂಡಿ. ಮೊಟ್ಟೆ ಟ್ರೇ ಹೊಡೆದರೆ ಹೊರಗಿನ ಸದ್ದು ನಿಲ್ಲುತ್ತದೆ ಎಂದು ಮೊಬೈಲಿನಲ್ಲಿ ನೋಡಿ ಅಣ್ಣ ಮಸ್ಕಿಯಿಂದ ಒಂದು ಹೊರೆ ತಂದ. ಅದರಿಂದ ಏನೂ ಆಗಲಿಲ್ಲ. ರಟ್ಟು ಹಗುರ, ಸದ್ದನ್ನು ತಡೆಯುವುದು ಭಾರವಾದ ವಸ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಅವ್ವ ಹೊಲಿದಿಟ್ಟ ಕೌದಿಗಳು. ಹಳೆ ಸೀರೆ, ಹಳೆ ಧೋತರಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿ ಎರಡು ಕೈಲಿ ಎತ್ತುವಷ್ಟು ಭಾರವಿರುತ್ತದೆ. ಹಗ್ಗ ಕಟ್ಟಿ ಮೂರು ಕಡೆ ಕೌದಿ ಇಳಿಬಿಟ್ಟು, ನಾಲ್ಕನೆಯ ಕಡೆ ಜೋಳದ ಚೀಲ ಒಟ್ಟಿದೆವು. ನಡುವೆ ನಾನು, ನನ್ನ ಬಾಯಿಗೆ ಗೇಣು ದೂರದಲ್ಲಿ ಮೈಕು. ದನಿ ಗೋಡೆಗೆ ಬಡಿದು ತಿರುಗಿ ಬರುವುದು ನಿಂತಿತು.

ಹೊರಗಿನ ಸದ್ದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ನಾವು ಕೊಂಡದ್ದು ಕಂಡೆನ್ಸರ್ ಮೈಕು. ಅದಕ್ಕೆ 48 ವೋಲ್ಟ್ ಕರೆಂಟು ಬೇಕು, ಕಿವಿ ಬಲು ಚುರುಕು. ಓಣಿಯ ತುದಿಯಲ್ಲಿ ಹೋಗುವ ಬೈಕೂ ಅದಕ್ಕೆ ಕೇಳಿಸುತ್ತದೆ. ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಹಿಟ್ಟಿನ ಗಿರಣಿ. ಕರೆಂಟು ಬಂತೆಂದರೆ ಗಿರಣಿ ಸುರು, ಗಿರಣಿ ನಿಂತಿತೆಂದರೆ ಕರೆಂಟು ಇಲ್ಲ. ಕರೆಂಟಿದ್ದಾಗ ಸದ್ದು, ಸದ್ದಿಲ್ಲದಾಗ ಮೈಕಿಗೆ ಜೀವವಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಅಷ್ಟೋ ಇಷ್ಟೋ ತಾಳುವ ಹೊತ್ತಿನಲ್ಲಿ, ಗಿರಣಿ ನಿಂತ ರಾತ್ರಿಗಳಲ್ಲಿ ಹಾಡುತ್ತಿದ್ದೆವು. 2021ರ ಏಪ್ರಿಲ್‌ನಲ್ಲಿ ಮಸ್ಕಿ ವಿಧಾನಸಭೆ ಉಪಚುನಾವಣೆ ಬಂತು. ಪ್ರಚಾರದ ಗಾಡಿಗಳ ಸ್ಪೀಕರಿನಲ್ಲಿ ಊರು ಮುಳುಗಿತು, ನಾವು ರೆಕಾರ್ಡಿಂಗ್ ಬಿಟ್ಟು ಕೂತೆವು. ಅದೇ ಹೊತ್ತಿಗೆ 5ಎ ಎಂಬ ನೀರಾವರಿ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರ ಧರಣಿ ನಡೆದಿತ್ತು. ಅಲ್ಲಿ ಹೋಗಿ ಮೈಕಿಲ್ಲದೆ ಹಾಡಿ ಬಂದೆವು. ನಮ್ಮ ಮೊದಲ ಕೇಳುಗರು ಆ ರೈತರೇ.

ರಾಯಚೂರು ಜಿಲ್ಲೆಯ ಮೇ ತಿಂಗಳು ಹೇಗಿರುತ್ತದೆ ಎಂದು ಬಲ್ಲವರಿಗೆ ಹೇಳಬೇಕಿಲ್ಲ. ಫ್ಯಾನ್ ಹಾಕಿದರೆ ಅದರ ಸದ್ದು ಹಾಡಿನೊಳಗೆ ಬರುತ್ತದೆ. ಫ್ಯಾನ್ ಆರಿಸಿ, ಬೆಳಕಿಂಡಿ ಮುಚ್ಚಿ, ಕೌದಿಗಳ ನಡುವೆ ನಿಂತರೆ ಒಂದು ಚರಣ ಮುಗಿಯುವಷ್ಟರಲ್ಲಿ ರವಿಕೆ ಒದ್ದೆಯಾಗುತ್ತಿತ್ತು. ಬೆವರು ಹೆಡ್‌ಫೋನಿನೊಳಗೆ ಇಳಿದು ಒಂದು ಕಿವಿಯ ಕಡೆ ಸದ್ದೇ ಹೋಯಿತು. ಒಂದೇ ಕಿವಿಯಲ್ಲಿ ಶ್ರುತಿ ಕೇಳಿಕೊಂಡು ಹಾಡುವುದು ರೂಢಿಯಾಯಿತು.

ಕ್ಯಾಂಪಿನ ಹುಡುಗ ಒಂದು ಸಲ ಅಮೆರಿಕದ ಬಿಲ್ಲಿ ಐಲಿಶ್ ಎಂಬ ಹುಡುಗಿಯ ಕಥೆ ಹೇಳಿದ. ಅವಳು ಹಾಡುತ್ತಾಳೆ, ಅವಳ ಅಣ್ಣ ಫಿನಿಯಸ್ ರೆಕಾರ್ಡ್ ಮಾಡುತ್ತಾನೆ, ಅದೂ ಲಾಸ್ ಏಂಜಲೀಸಿನ ಅವರ ಮನೆಯ ಮಲಗುವ ಕೋಣೆಯಲ್ಲಿ. ಹಾಗೆ ಮಾಡಿದ ಆಲ್ಬಂ 2019ರಲ್ಲಿ ಬಂತು, 2020ರ ಜನವರಿಯಲ್ಲಿ ಆ ವರ್ಷದ ಅತ್ಯುತ್ತಮ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆಗ ಅವಳಿಗೆ 18 ವರ್ಷ. ಅಣ್ಣ ಇದನ್ನು ಕೇಳಿ ಹಿಗ್ಗಿದ. ಅವ್ವ ಮಾತ್ರ, 'ಅವರ ಮನಿ ಹಿಂದ ಗಿರಣಿ ಇತ್ತೇನು ಕೇಳಪ್ಪಾ' ಅಂದಳು.

ನಾವು ಬಿಟ್ಟ ಹಾಡುಗಳಲ್ಲಿ ಒಂದು, ಘನಮಠದವರ ತತ್ವಪದ. ಪದ ಅವರದು. ಮೇಳದಲ್ಲಿ ಅದನ್ನು ಹಾಡುವ ದಾಟಿ ಬೇರೆ. ಕಾಕಾ ಅದಕ್ಕೆ ಹೊಸ ದಾಟಿ ಕೂಡಿಸಿದರು. ಮೊದಲ ಎರಡು ನುಡಿ ಬರಿ ದೋತಾರಾ, ಮೂರನೆಯದಕ್ಕೆ ಪೇಟಿ, ಕೊನೆಯ ಅಂಕಿತದ ನುಡಿಯಲ್ಲಿ ನನ್ನ ದನಿ ಕೆಳಗಿಳಿದು ಮೆಲ್ಲಗಾಗುತ್ತದೆ. ಆ ಜಾಗದಲ್ಲೇ ಹಿಂದಿನ ಓಣಿಯ ಗಿರಣಿ ಸುರುವಾಗಿತ್ತು. ಮರಳಿ ಹಾಡೋಣವೆಂದರೆ ಮೊದಲಿನ ಹದ ಬರಲಿಲ್ಲ. ಅಣ್ಣ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆ ಗುಡುಗುಡು ಸದ್ದನ್ನು ಸೋಸಲು ವಾರಗಟ್ಟಲೆ ಒದ್ದಾಡಿದ. ಕೆಳಗಿನ ಸ್ವರಗಳನ್ನು ಕತ್ತರಿಸಿದರೆ ಗಿರಣಿಯ ಜೊತೆ ನನ್ನ ದನಿಯ ತುಂಬುತನವೂ ಹೋಗುತ್ತಿತ್ತು. ಕೊನೆಗೆ ಸ್ವಲ್ಪ ಗಿರಣಿಯನ್ನು ಹಾಗೇ ಬಿಟ್ಟ. ಹೆಡ್‌ಫೋನ್ ಹಾಕಿ ಕೇಳಿದರೆ ಈಗಲೂ ಕೇಳುತ್ತದೆ.

2022ರಲ್ಲಿ ಬಿಟ್ಟಾಗ ನೋಡಿದವರು ನೆಂಟರಿಷ್ಟರು, ಸುತ್ತಲಿನ ಮೇಳದವರು. ಮುಂದಿನ ವರ್ಷ ಯಾರೋ ಅದನ್ನು ರೀಲ್ಸಿಗೆ ಹಾಕಿದರು. ಹೊಲದಲ್ಲಿ ಕಳೆ ತೆಗೆಯುವ ವಿಡಿಯೊ, ಬಸ್ಸಿನ ಕಿಟಕಿಯ ವಿಡಿಯೊ, ತೀರಿಹೋದವರ ಫೋಟೊ, ಎಲ್ಲದಕ್ಕೂ ಹಿಂದೆ ನಮ್ಮ ಹಾಡು. ವಿಡಿಯೊ ತಾಣದಿಂದ ಹಣ ಬರಬೇಕೆಂದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ನೋಡಿದ ಲೆಕ್ಕ ಇರಬೇಕು. ಅದು ದಾಟಿತು. ಮೊದಲ ಹಣ ಇನ್ನೇನು ಕೈಸೇರುತ್ತದೆ ಅನ್ನುವಾಗ ಆ ಮೇಲ್ ಬಂತು.

ಆದದ್ದು ಇಷ್ಟು. ಯಾರೋ ನಮ್ಮ ಹಾಡಿನ ಆಡಿಯೊ ಇಳಿಸಿಕೊಂಡು, ಕೆಳಗೊಂದು ಡಿಜೆ ಬೀಟ್ ಸೇರಿಸಿ, ಬೇರೆ ಗಾಯಕಿಯ ಹೆಸರು ಹಚ್ಚಿ, ಆ ಕಂಪನಿಯ ಪಟ್ಟಿಯಲ್ಲಿ ಸೇರಿಸಿದ್ದರು. ತಾಣದ ಯಂತ್ರ ಪಟ್ಟಿಯಲ್ಲಿರುವ ಹಾಡುಗಳನ್ನೂ ಜನ ಹಾಕಿದ ವಿಡಿಯೊಗಳನ್ನೂ ಹೋಲಿಸಿ ನೋಡುತ್ತದೆ. ಯಾರದು ಮೊದಲು ಎಂದು ಅದು ಕೇಳುವುದಿಲ್ಲ, ಪಟ್ಟಿಯಲ್ಲಿ ಯಾರ ಹೆಸರಿದೆ ಎಂದಷ್ಟೇ ನೋಡುತ್ತದೆ. ನಮ್ಮಂಥ ಸಣ್ಣವರಿಗೆ ಆ ಪಟ್ಟಿಗೆ ನೇರ ದಾರಿಯಿಲ್ಲ. ಹಾಗಾಗಿ ಕದ್ದ ಮಾಲು ಅಸಲಿಯಾಯಿತು, ಅಸಲಿ ಕದ್ದದ್ದಾಯಿತು.

ಆಕ್ಷೇಪಣೆ ಹಾಕಿದೆವು. ಹಕ್ಕು ಹೇಳಿದವರಿಗೆ ಉತ್ತರಿಸಲು 30 ದಿನ. ನ್ಯಾಯ ಹೇಳುವವರೂ ಅವರೇ! 'ನಮ್ಮ ಹಕ್ಕು ಸರಿಯಾಗಿದೆ' ಎಂದರು. ಮೇಲ್ಮನವಿ ಹಾಕಿದೆವು. ಅದಕ್ಕೆ 7 ದಿನ. ಈ ಸಲ ಅವರು ಹಾಡನ್ನೇ ತೆಗೆಸಿದರು, ಚಾನೆಲಿನ ಮೇಲೆ ಒಂದು ಸ್ಟ್ರೈಕ್ ಬಿತ್ತು. 90 ದಿನಗಳೊಳಗೆ ಅಂಥ ಮೂರು ಬಿದ್ದರೆ ಚಾನೆಲೇ ಇರುವುದಿಲ್ಲ. ಅವರ ಪಟ್ಟಿಯಲ್ಲಿ ನಮ್ಮವೇ ಇನ್ನೂ ಹಾಡುಗಳಿರಬಹುದು ಎಂಬ ಭಯ ಹತ್ತಿತು. ರಾತ್ರಿ ಎದ್ದು ಚಾನೆಲ್ ಇದೆಯೋ ಇಲ್ಲವೋ ಎಂದು ನೋಡಿ ಮಲಗುತ್ತಿದ್ದೆ.

ಇಷ್ಟಕ್ಕೆ ಮುಗಿದಿದ್ದರೆ ಹಣದ ನಷ್ಟವೆಂದು ಸುಮ್ಮನಾಗುತ್ತಿದ್ದೆನೇನೋ. ಆ ವರ್ಷ ಒಂದು ಜಾತ್ರೆಗೆ ಹೋಗಿದ್ದೆವು. ತೇರು ಎಳೆದು ಜನ ಬೆಂಡು ಬತ್ತಾಸಿನ ಅಂಗಡಿಗಳ ಕಡೆ ಚದುರುತ್ತಿದ್ದರು. ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಡಿಜೆಯಲ್ಲಿ ನನ್ನ ದನಿ ಸುರುವಾಯಿತು. ನೆಲ ಅದುರುವ ಬೀಟಿನ ಮೇಲೆ ಕಾಕಾನ ದಾಟಿ. ಹುಡುಗರು ಕುಣಿಯುತ್ತಿದ್ದರು. ಹಾಡು ಮುಗಿದ ಮೇಲೆ ಡಿಜೆಯವನು ಮೈಕಿನಲ್ಲಿ ಹಾಡಿದವರ ಹೆಸರು ಕೂಗಿದ. ಅದು ಆ ಇನ್ನೊಬ್ಬಳ ಹೆಸರು. ನನ್ನ ಜೊತೆ ನಮ್ಮ ಶಾಲೆಯ ಮಕ್ಕಳೂ ಇದ್ದರು. ಒಬ್ಬ ಹುಡುಗಿ ನನ್ನ ಸೆರಗು ಜಗ್ಗಿ ಕೇಳಿದಳು, 'ಟೀಚರ್, ಇದನ್ನ ನೀವು ಹಾಡಿಲ್ಲೇನ್ರಿ?' ಹಾಡಿದ್ದೇನೆ ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕಾಕಾ ಅಂದು ಒಂದು ಮಾತೂ ಆಡದೆ ಮನೆಗೆ ಬಂದರು. ಮುಂದಿನ ಅಮಾವಾಸ್ಯೆ ಭಜನೆಯಲ್ಲಿ ಆ ಪದ ಹಾಡಲಿಲ್ಲ, ಅದಾದ ಮೇಲೂ ಬಹಳ ದಿನ ಹಾಡಲಿಲ್ಲ.

ಊರಲ್ಲಿ ಮಾತು ಬೇರೆಯೇ ಹುಟ್ಟಿತು. ಕಂಪನಿಯವರು ಸುಮ್ಮನೆ ಹಾಡು ತೆಗೆಸುತ್ತಾರೇನು, ಇವರೇ ಎಲ್ಲಿಂದಲೋ ಎತ್ತಿರಬೇಕು ಎಂದು. ನಮ್ಮವರೇ ಕೆಲವರು ಅಣ್ಣನಿಗೆ, 'ತೆಗೆದು ಬಿಡೋ, ಹೆಣ್ಣುಮಗಳ ಹೆಸರು ಎಲ್ಲೆಲ್ಲೋ ಬರೋದ್ಯಾಕ' ಎಂದು ಬುದ್ಧಿ ಹೇಳಿದರು. ಚಾನೆಲ್ ಉಳಿಸಿಕೊಳ್ಳಲು ಇದ್ದದ್ದು ಇನ್ನೊಂದೇ ದಾರಿ, ಪ್ರತಿ ನೋಟಿಸ್. ಅದರಲ್ಲಿ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರು ಬರೆಯಬೇಕು. ಅದನ್ನು ತಾಣದವರು ಎದುರಾಳಿಗೆ ಕಳಿಸುತ್ತಾರೆ. ಅವ್ವ ಕಡ್ಡಿ ಮುರಿದಂತೆ ಹೇಳಿದಳು: 'ಗುರುತಿಲ್ಲದ ಮಂದಿಗೆ ನಮ್ಮ ಮನಿ ವಿಳಾಸ ಕೊಡೂದು ಬ್ಯಾಡ.' ಅವಳ ಹೆದರಿಕೆಯಲ್ಲಿ ತಪ್ಪೇನಿರಲಿಲ್ಲ. ಅಣ್ಣ ಅಷ್ಟೊತ್ತಿಗೆ ಸೋತಿದ್ದ. ಬೆಂಗಳೂರಿಗೆ ಹೋಗುವ ಬಸ್ಸಿನ ಟಿಕೆಟ್ ತೆಗೆಸಿದ್ದ.

ಲಿಂಗಸುಗೂರಿನ ಒಬ್ಬ ವಕೀಲರ ಬಳಿ ನನ್ನನ್ನು ಕರೆದುಕೊಂಡು ಹೋದದ್ದು ನಮ್ಮ ಶಾಲೆಯ ಹಿರಿಯ ಶಿಕ್ಷಕಿ. ವಕೀಲರೂ ಹೆಣ್ಣುಮಗಳು. ಹೊಲದ ಬದು, ಪಾಲು ವಾಟ್ನಿ, ಜೀವನಾಂಶದ ಕೇಸು ನೋಡುವವರು. ಹಾಡಿನ ಕೇಸು ಅವರಿಗೂ ಹೊಸದು. ಒಂದು ವಾರ ಟೈಮ್ ಕೊಡಿ ಎಂದು ಕಾಯ್ದೆ ಓದಿಕೊಂಡು ಕೂತರು. ನಂತರ ಅವರು ಬಿಡಿಸಿ ಹೇಳಿದ್ದು ಇವತ್ತಿಗೂ ನನಗೆ ಬಾಯಿಪಾಠ.

'ನೋಡ್ರಿ ಟೀಚರ್, ಒಂದು ಹಾಡು ಅಂದ್ರ ಒಂದೇ ಆಸ್ತಿ ಅಲ್ಲ. ನಾಲ್ಕು ಪಾಲು ಅದಾವ ಅದರಾಗ. ಪದ ಬರೆದವರದು ಒಂದು. ಬರೆದವರು ತೀರಿ 60 ವರ್ಷ ಆದ ಮ್ಯಾಲೆ ಆ ಹಕ್ಕು ಮುಗೀತದ. ಘನಮಠದವರ ಪದ ಈಗ ಎಲ್ಲರ್ದು. ನಿಮ್ದೂ ಅಲ್ಲ, ಆ ಕಂಪನೀದೂ ಅಲ್ಲ. ಎರಡನೇದು ದಾಟಿ. ಅದು ನಿಮ್ಮ ಕಾಕಾಂದು. ಅವರು ಇರೋತನಕ, ಅವರ ನಂತರ 60 ವರ್ಷ. ಮೂರನೇದು ರೆಕಾರ್ಡಿಂಗ್. ಅದು ಮಾಡಿಸಿದವರದು, ಅಂದ್ರ ನಿಮ್ಮಣ್ಣಂದು. ಅದಕ್ಕೂ 60 ವರ್ಷ. ನಾಲ್ಕನೇದು ಹಾಡಿದವರ ಹಕ್ಕು. ಅದು ನಿಮ್ದು, 50 ವರ್ಷ.'

ಹಕ್ಕುಸ್ವಾಮ್ಯ ಕಾಯ್ದೆ 1957ರದು. 2012ರ ತಿದ್ದುಪಡಿಯಲ್ಲಿ ಹಾಡು ಬರೆದವರಿಗೂ ಸ್ವರ ಕೂಡಿಸಿದವರಿಗೂ ರಾಯಧನದ ಪಾಲು ಗಟ್ಟಿಯಾಯಿತು, ಹಾಡಿದವರಿಗೂ ಪಾಲು ಬಂತು. ಕಾಪಿರೈಟ್ ನೋಂದಣಿ ಮಾಡಿಸಿಲ್ಲವಲ್ಲ ಎಂದೆ. ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಇದ್ದರೆ ಸಾಕ್ಷಿಗೆ ಅನುಕೂಲ ಅಷ್ಟೇ ಎಂದರು. ಕೇಸಿಗಾಗಿ ದೊಡ್ಡ ಊರಿಗೆ ಅಲೆಯಬೇಕೇ ಎಂದು ಕೇಳಿದೆ. ಕಾಯ್ದೆಯ 62ನೇ ಸೆಕ್ಷನ್ ತೆಗೆದು ತೋರಿಸಿದರು. ಹಕ್ಕಿನ ಒಡೆಯರು ತಾವು ವಾಸಿಸುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಬಹುದು. 'ಅವರೇ ರಾಯಚೂರಿಗೆ ಬರಬೇಕು' ಎಂದು ನಕ್ಕರು. ತಿಂಗಳುಗಳ ನಂತರ ನಾನೂ ಅಂದು ನಕ್ಕೆ.

ವಿಳಾಸದ ತೊಡಕನ್ನೂ ಅವರೇ ಬಿಡಿಸಿದರು. ಪ್ರತಿ ನೋಟಿಸನ್ನು ವಕೀಲರೂ ಕಳಿಸಬಹುದು. ತಮ್ಮ ಆಫೀಸಿನ ವಿಳಾಸ ಹಾಕಿದರು.

ಇನ್ನು ಉಳಿದದ್ದು ಸಾಕ್ಷಿ. ಕಂಪನಿಯವರು ತಮ್ಮ ಉತ್ತರದಲ್ಲಿ, ಇದು ಹಳೆಯ ಜಾನಪದ, ಯಾರು ಬೇಕಾದರೂ ಹಾಡಬಹುದು, ನಮ್ಮ ಗಾಯಕಿ ಹಾಡಿದ್ದಾರೆ ಎಂದಿದ್ದರು. ಯಾರು ಬೇಕಾದರೂ ಹಾಡಬಹುದಾದರೆ ನಮ್ಮ ಹಾಡು ತೆಗೆಸಿದ್ದು ಯಾಕೆ ಎಂಬುದಕ್ಕೆ ಉತ್ತರವಿರಲಿಲ್ಲ. ವಕೀಲರು ಕೇಳಿದರು: 'ಅವರ ರೆಕಾರ್ಡಿಂಗ್ ನಿಮ್ದೇ ಅಂತ ಹೆಂಗ ತೋರಸ್ತೀರಿ?'

ಅಣ್ಣ ಲ್ಯಾಪ್‌ಟಾಪ್ ತೆರೆದು ಅವರ ಮೇಜಿನ ಮೇಲಿಟ್ಟ. ನಾವು ಪ್ರತಿ ಹಾಡನ್ನೂ ಬಿಡಿಬಿಡಿಯಾಗಿ ಮುದ್ರಿಸುತ್ತಿದ್ದೆವು. ದನಿ ಒಂದು ಫೈಲು, ಪೇಟಿ ಒಂದು, ದೋತಾರಾ ಒಂದು, ಗಿಟಾರು ಒಂದು. ಅವೆಲ್ಲ ತಾರೀಖಿನ ಸಮೇತ ಹಾಗೇ ಇದ್ದವು. ನನ್ನ ದನಿಯ ಫೈಲು ಒತ್ತಿದ. ಮೊದಲಿಗೆ ನನ್ನ ಕೆಮ್ಮು. ನಂತರ ಕಾಕಾ ದೂರದಿಂದ, 'ಬಾಗಲಾ ಹಾಕ್ರಿ, ಎಮ್ಮಿ ಒದರಾಕತ್ತೈತಿ' ಅನ್ನುವುದು. ಅಣ್ಣ 'ಹೂಂ, ಸುರು ಮಾಡವಾ' ಅನ್ನುವುದು. ಆಮೇಲೆ ಪದ. ಅಂಕಿತದ ನುಡಿಗೆ ಬಂದಾಗ ಕೆಳಗೆ ಗುಡುಗುಡು. ಮೂರನೆಯ ಸಾಲಿನ ನಡುವೆ ಅದು ಒಮ್ಮೆ ತಡವರಿಸಿ ಮತ್ತೆ ಓಡುತ್ತದೆ. ಕಾಳು ಸುರಿದಾಗ ಗಿರಣಿಯ ಬೆಲ್ಟು ಹಾಗೆ ಜಗ್ಗುತ್ತದೆ.

ನಂತರ ಕಂಪನಿಯ ಹಾಡು ಹಾಕಿದ. ಡಿಜೆ ಬೀಟು ಅಂಕಿತದ ನುಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕುಣಿತಕ್ಕೆ ಉಸಿರು ಕೊಡಲು. ಆ ಸಣ್ಣ ಬಿಡುವಿನಲ್ಲಿ ಗುಡುಗುಡು ಕೇಳಿತು. ಅದೇ ಸಾಲು, ಅದೇ ಜಾಗ, ಅದೇ ತಡವರಿಕೆ. ವಕೀಲರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, 'ಸಂತೆಕಲ್ಲೂರು ಗಿರಣಿ ಅವರ ಸ್ಟುಡಿಯೊಕ್ಕ ಹೆಂಗ ಹೋತು ಅಂತ ಅವರೇ ಹೇಳ್ಲಿ' ಎಂದರು.

ನೋಟಿಸು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು, ಎರಡೂ ಹಾಡಿನ ತುಣುಕುಗಳ ಪೆನ್‌ಡ್ರೈವ್ ಸಮೇತ. ನಿಮ್ಮ ಗಾಯಕಿಯ ದನಿಯದೊಂದೇ ಬಿಡಿ ಫೈಲು ಇದ್ದರೆ ಕಳಿಸಿ ಎಂದು ಅದರಲ್ಲಿ ಕೇಳಿದ್ದರು. ಹಾಡನ್ನು ನಿಜವಾಗಿ ಮುದ್ರಿಸಿದವರ ಬಳಿ ಅದು ಇರಲೇಬೇಕು, ಇಳಿಸಿಕೊಂಡವರ ಬಳಿ ಇರುವುದಿಲ್ಲ. ಉತ್ತರ ಬರಲಿಲ್ಲ. ತಾಣಕ್ಕೆ ಕಳಿಸಿದ ಪ್ರತಿ ನೋಟಿಸಿಗೆ ಎದುರಾಳಿಗಳು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದ ಪುರಾವೆ ತೋರಿಸಬೇಕು. ತೋರಿಸಲಿಲ್ಲ. ನಮ್ಮ ಹಾಡು ಮರಳಿ ಬಂತು, ಸ್ಟ್ರೈಕ್ ಹೋಯಿತು.

ಗೆದ್ದೆವು ಎಂದು ಹೇಳಲು ಬಾಯಿ ಬರುವುದಿಲ್ಲ. ಅಷ್ಟೊತ್ತಿಗೆ ಜನ ಬೇರೆ ಹಾಡಿಗೆ ಹೋಗಿದ್ದರು. ಹಾಡು ಓಡಿದ ತಿಂಗಳುಗಳ ಹಣ ನಮಗೆ ಬರಲಿಲ್ಲ. ಅದನ್ನು ಕೇಳಿ ದಾವೆ ಹೂಡುವಷ್ಟು ಶಕ್ತಿ ನಮಗಿರಲಿಲ್ಲ. ವಕೀಲರು ಫೀಸು ತೆಗೆದುಕೊಳ್ಳಲಿಲ್ಲ, ಟೈಪಿಂಗ್ ಮತ್ತು ಪೋಸ್ಟಿನ ಖರ್ಚು ಮಾತ್ರ ಕೊಟ್ಟೆವು. ಡಿಜೆಗಳ ಪೆನ್‌ಡ್ರೈವುಗಳಲ್ಲಿ ಆ ಇನ್ನೊಬ್ಬಳ ಹೆಸರಿನ ಹಾಡು ಈಗಲೂ ಇದೆ. ಅವಳು ಯಾರು, ಅವಳ ಹೆಸರನ್ನು ಅವಳನ್ನು ಕೇಳಿಯೇ ಬಳಸಿದರೋ ಹೇಗೋ ನನಗೆ ತಿಳಿಯದು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಅಣ್ಣ ಬೆಂಗಳೂರಿಗೆ ಹೋದ. ಕ್ಯಾಂಪಿನ ಹುಡುಗ ಸಿಂಧನೂರಿನ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ನಮ್ಮ ಬ್ಯಾಂಡು ಈಗ ದಸರಾ, ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ಮಾತ್ರ ಕೂಡುತ್ತದೆ. ಕಾಕಾ ಆ ಪದವನ್ನು ಮತ್ತೆ ಹಾಡತೊಡಗಿದ್ದಾರೆ. ನಾನು ಹಾಡುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಮಕ್ಕಳಿಗೆ ಮಸ್ಕಿಯ ಶಾಸನದ ಪಾಠ ಹೇಳುವಾಗ ಈಗ ಒಂದು ಮಾತು ಒತ್ತಿ ಹೇಳುತ್ತೇನೆ. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಷ್ಟೇ ಇದ್ದವು. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇದ್ದದ್ದರಿಂದ ಉಳಿದ ಶಾಸನಗಳ ಒಡೆಯ ಯಾರೆಂಬುದು ಗಟ್ಟಿಯಾಯಿತು. ವಚನಕಾರರು, ದಾಸರು, ತತ್ವಪದದವರು ಕೊನೆಯ ನುಡಿಯಲ್ಲಿ ಅಂಕಿತ ಇಟ್ಟರು. 1902ರಲ್ಲಿ ಕಲ್ಕತ್ತಾದ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮಾಫೋನಿಗೆ ಹಾಡಿದ ಗೌಹರ್ ಜಾನ್ ಹಾಡು ಮುಗಿದೊಡನೆ ತಮ್ಮ ಹೆಸರು ಹೇಳುತ್ತಿದ್ದರು. ನಾವೂ ಈಗ ಪ್ರತಿ ಮುದ್ರಣದ ಮೊದಲಿಗೆ ಹೆಸರು, ಊರು, ತಾರೀಖು ಹೇಳಿಯೇ ಸುರು ಮಾಡುತ್ತೇವೆ.

ಮನೆಯಲ್ಲಿ ಹಾಡು ಮಾಡುವ ತಮ್ಮಂದಿರಿಗೆ, ತಂಗಿಯರಿಗೆ ನನ್ನ ಮಾತು ಇಷ್ಟು. ಬಿಡಿ ಫೈಲುಗಳನ್ನು ಅಳಿಸಬೇಡಿ. ಒಂದು ಪ್ರತಿ ನಿಮ್ಮ ಬಳಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಯಾರು ಬರೆದರು, ಯಾರು ದಾಟಿ ಕೂಡಿಸಿದರು, ಯಾರು ಹಾಡಿದರು, ಹಣ ಬಂದರೆ ಯಾರಿಗೆಷ್ಟು ಎಂದು ಅಣ್ಣ ತಂಗಿಯ ನಡುವೆಯೂ ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿ. ಕೈಯಲ್ಲಿ ಹಣವಿದ್ದರೆ ನೋಂದಣಿ ಮಾಡಿಸಿ. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯಕ್ಕೆ, ಸಂಗೀತಕ್ಕೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಎಂದು 2013ರ ನಿಯಮಗಳು ಹೇಳುತ್ತವೆ. ಬರೆಯುವವರು, ಸ್ವರ ಕೂಡಿಸುವವರು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯರಾಗಿ. ಕಂಪನಿಯವರು ಕಾಗದ ತಂದರೆ ಎಷ್ಟು ವರ್ಷಕ್ಕೆ ಎಂಬುದನ್ನು ಮೊದಲು ನೋಡಿ. ವರ್ಷ ಬರೆದಿಲ್ಲದಿದ್ದರೆ ಕಾಯ್ದೆಯ ಪ್ರಕಾರ ಅದು 5 ವರ್ಷ ಮಾತ್ರ. ಹೆದರಿ ಹಾಡು ಅಳಿಸಬೇಡಿ, ಕೋರ್ಟು ನಿಮ್ಮ ಜಿಲ್ಲೆಯಲ್ಲೇ ಇದೆ.

ಕೇಳುವವರಲ್ಲೂ ಒಂದು ವಿನಂತಿ. ಹಾಡು ಹಿಡಿಸಿದರೆ ಹಂಚಿ. ಹಂಚುವ ಮೊದಲು ಹಾಡಿದವರು ಯಾರು, ಯಾವ ಊರಿನವರು ಎಂದು ಒಮ್ಮೆ ವಿಚಾರಿಸಿ, ಆ ಹೆಸರನ್ನೂ ಜೊತೆಗೆ ಬರೆಯಿರಿ.